ಸಂಶಯ ಮಾಸ್ತರನ ಗುಪ್ತ ಚೀಟಿಗಳು

ಹೈಸ್ಕೂಲ ಮಾಸ್ತರನ ಮನಿಗೆ ಮೇ ತಿಂಗಳದಾಗ ಯಾರೂ ಸುಮ್ ಸುಮ್ಮನ ಬರೂದಿಲ್ಲ, ಬಂದವರು ಎದ್ದು ಹೋಗೂದರೊಳಗ ಏನರ ಒಂದು ನಗೂವಂಥಾದ್ದು ಮಾಡೇ ಹೋಗತಾರ. ಪ್ರತಿ ವರ್ಷ ಇದು ತಪ್ಪಿದ್ದಲ್ಲ.

ನಾ ಇಳಕಲ್ಲದ ಒಂದು ಹೈಸ್ಕೂಲಿನ್ಯಾಗ ಗಣಿತ ಕಲಿಸಿದಾವ. ಎಪ್ಪತ್ತರ ದಶಕದಾಗ ಸೇರಿದೆ, ಎಂಬತ್ತರ ದಶಕ ಮುಗಿಯೂತನಾ ಅಲ್ಲೇ ಇದ್ದೆ. ಹುಡುಗರು ನನಗ ಇಟ್ಟ ಹೆಸರು 'ಸಂಶಯ ಮಾಸ್ತರ'. ಯಾರು ಏನ ಉತ್ತರ ಹೇಳಿದ್ರೂ ನಾ ಮೊದಲ 'ಸಂಶಯ' ಅಂತಿದ್ದೆ, ಆಮ್ಯಾಲ ಅದು ಸರಿನೋ ತಪ್ಪೋ ನೋಡತಿದ್ದೆ. ಇದರಾಗ ತಪ್ಪೇನೈತಿ ಹೇಳ್ರಿ? ಗಣಿತ ಕಲಸಾವ ಎಲ್ಲಾರನ್ನೂ ನಂಬಕೋತ ಹೋದ್ರ ವರ್ಗದಾಗ ಒಬ್ಬನೂ ಲೆಕ್ಕಾ ಮಾಡೂದಿಲ್ಲ, ಎಲ್ಲಾರೂ ಉತ್ತರ ಹೇಳತಾರ.

ಆಗ ಧಾರವಾಡದಾಗ ಒಂದು ದೊಡ್ಡ ಕಾಲೇಜಿತ್ತು. ಸಾಯನ್ಸ್ ಓದಿ ಮುಂದ ಡಾಕ್ಟರೋ ಇಂಜಿನಿಯರೋ ಆಗಬೇಕನ್ನೂ ಹುಡುಗರ ಅಪ್ಪಂದಿರು ಎಲ್ಲಾರೂ ಆ ಕಾಲೇಜಿನ ಮ್ಯಾಲ ಕಣ್ಣಿಟ್ಟಿರತಿದ್ರು. ಆ ಕಾಲೇಜಿನವರು ಅರ್ಜಿ ಜೋಡಿ ಸಾಲಿಯಿಂದ ಒಂದು ಗುಪ್ತ ಚೀಟಿ ಕೇಳತಿದ್ರು. ಪರೀಕ್ಷಾ ಮುಗದ ಮ್ಯಾಲ, ರಿಸಲ್ಟ್ ಬರೂದಕ್ಕ ಮೊದಲ ಅದನ್ನ ಕಳಸಬೇಕು. ಈ ವಿದ್ಯಾರ್ಥಿ ನಮ್ಮಲ್ಲಿ ಬಂದು ಓದಿ ದಡಾ ಮುಟ್ಟತಾನೋ ಇಲ್ಲೋ ಅಂತ ಪ್ರಶ್ನಿ. 'ಖಂಡಿತ', 'ಸಾಧಾರಣ', 'ಸಂಶಯ', ಈ ಮೂರರಾಗ ಒಂದು ಬರದು, ಲಕೋಟಿಯಾಗ ಹಾಕಿ, ಅರಗು ಕಾಸಿ ಮುದ್ರಿ ಒತ್ತಿ ಕಳಸೂದು. ಮುಂದ ಇಬ್ಬರ ಮಾರ್ಕ್ಸ್ ಸರಿಸಮ ಬಂದ್ರ, ಯಾರಿಗೆ ಸೀಟು ಅನ್ನೂದನ್ನ ಈ ಚೀಟಿ ನೋಡಿ ತೀರ್ಮಾನ ಮಾಡತಿದ್ರು.

ನಮ್ಮ ಹೆಡ್ ಮಾಸ್ತರಿಗೆ ಈ ಚೀಟಿ ಕಂಡ್ರ ತಲಿಶೂಲಿ. ಊರ ಮಂದಿಗೆ ಮುಖಾ ತೋರಸಬೇಕಲ್ಲ. "ನೀವು ಹೆಂಗೂ ಎಲ್ಲಾರ ಮ್ಯಾಲೂ ಸಂಶಯ ಪಡಾವ್ರು, ನೀವ ಬರೀರಿ, ಸಹಿನೂ ನೀವ ಮಾಡ್ರಿ" ಅಂತ ನನ್ನ ಕೊರಳಿಗೆ ಕಟ್ಟಿ ಕೈ ತೊಳಕೊಂಡ್ರು.

ನಾ ಮನ್ಯಾಗ ಅರಗು ಕಾಸೂದನ್ನ ನನ್ನ ಮಗಳು ಎದುರಿಗೆ ಕುಂತು ನೋಡತಿದ್ದಳು. ಇರಾಕಿ ಅಕಿ ಒಬ್ಬಾಕಿನ. ತಾನೂ ಧಾರವಾಡಕ್ಕ ಹೋಗಿ, ಓದಿ, ಡಾಕ್ಟರ ಆಗಾಕಿ ಅಂತ ಸಣ್ಣಾಕಿ ಇದ್ದಾಗಿಂದ ಹಟ. ಐದನೇತ್ತಿಯಾಗ ಇದ್ದಾಗ ಒಮ್ಮೆ ಕೇಳಿದಳು, "ಅಪ್ಪಾ, ಮುಂದ ನನ್ನ ಚೀಟಿ ಯಾರು ಬರೀತಾರ?"

"ನಾನ ಬರೀತೇನವಾ."

ಅಕಿ ಎದ್ದು ಅಡಗಿಮನಿಗೆ ಹೋಗಿ ಅವರವ್ವಗ ಹೇಳಿದಳು, "ಯವ್ವಾ, ನಾ ಬ್ಯಾರೆ ಊರ ಸಾಲಿಗೆ ಹೋಗತೇನಿ."

ಸೆರಗು ನೋಡಿದ್ದು

ಒಂದು ವರ್ಷ ಸೀರಿ ಅಂಗಡಿ ಸಾಹುಕಾರ್ರು ಬಂದ್ರು. ಅವರ ಮಗ ನನ್ನ ವರ್ಗದಾಗಿದ್ದ. ಭಾಳ ಸಭ್ಯ ಹುಡುಗ. ಮುಂದಿನ ಬೆಂಚಿನ್ಯಾಗ ಕೂಡತಿದ್ದ, ವಹಿಗೆ ಖಾಕಿ ಹಾಳಿ ಹಾಕತಿದ್ದ, ಅಕ್ಷರ ಚಂದ. ವರ್ಷಾನಗಟ್ಟಲೆ ಒಂದೂ ಪ್ರಶ್ನಿ ಕೇಳಿದಾವಲ್ಲ. ಇಂಥವರ ಮ್ಯಾಲ ನನಗ ಸಂಶಯ ಬರೂದ ಇಲ್ಲ. ಕಣ್ಣು ಮುಚ್ಚಿ 'ಖಂಡಿತ' ಅಂತ ಬರದು ಅರಗು ಹಚ್ಚಿಟ್ಟಿದ್ದೆ.

ಸಾಹುಕಾರ್ರು ಮೇಜಿನ ಮ್ಯಾಲಿದ್ದ ಆ ಲಕೋಟಿ ತಗೊಂಡು ಬಿಸಿಲಿಗೆ ಹಿಡದ್ರು. ಏನೂ ಕಾಣಲಿಲ್ಲ, ಯಾಕಂದ್ರ ನಾ ಚೀಟಿಗೆ ಎರಡೂ ಕಡೆ ಕರೀ ಹಾಳಿ ಇಟ್ಟಿದ್ದೆ. ಆಮ್ಯಾಲ ಸೀರಿ ಪೋತ ನೋಡೂವಂಗ ಎರಡು ಬೊಟ್ಟಿಲೆ ತಿಕ್ಕಿ ನೋಡಿದ್ರು.

"ಮಾಸ್ತರ, ಛಲೋದು ಬರದವರು ಇಷ್ಟ್ಯಾಕ ಮುಚ್ಚತಾರ?" ಅಂದ್ರು.

"ಎಲ್ಲಾರದೂ ಹಿಂಗ ಮುಚ್ಚತೇನ್ರಿ."

"ಹಂಗಾದ್ರ ಎಲ್ಲಾರಿಗೂ ಕೆಟ್ಟದ್ದ ಬರದೀರಿ."

ಎರಡು ದಿನ ಬಿಟ್ಟು ನನ್ನನ್ನ ಅಂಗಡಿಗೆ ಕರಸಿ, ಚಹಾ ಕುಡಿಸಿ, ಮುಂದ ಒಂದು ಸೀರಿ ಬಿಚ್ಚಿ ಹರವಿದ್ರು. ಸೀರಿ ಎದಕ್ಕ ಬಿಚ್ಚಿದ್ರು ಅಂತ ನನಗ ಸಂಶಯ ಬಂತು. ಆದ್ರ ಹೋದ ದೀಪಾವಳಿಯಿಂದ ನಮ್ಮ ಮನಿಯಾಕಿ ಇಂಥಾದ ಕೆಂಪು ಸೆರಗಿನ ಸೀರಿ ಬೇಕು ಅಂತ ನನ್ನ ಜೀವಾ ತಿಂತಿದ್ದಳು. ಹಿಂಗಾಗಿ ನಾ ಸೆರಗ ನೋಡಕೋತ ಕುಂತೆ. ಸಾಹುಕಾರ್ರು ಮಗನ ಬಗ್ಗೆ ಏನೇನೋ ಕೇಳಿದ್ರು, ನಾ ಸೆರಗಿನಿಂದ ತಲಿ ಎತ್ತದ "ಹೂಂ ಹೂಂ" ಅಂದೆ.

ನಾ ಎದ್ದು ಹೋದ ಮ್ಯಾಲ ಅವರು ಅಂಗಡಿಯವರ ಮುಂದ ಅಂದ್ರಂತ, "ಮಾಸ್ತರ ಒಮ್ಮಿನೂ ನನ್ನ ಕಣ್ಣಾಗ ಕಣ್ಣಿಟ್ಟು ಮಾತಾಡ್ಲಿಲ್ಲ. ಹುಡುಗಂದು ಮುಗೀತು." ಆ ವಾರದಾಗ ಬಾಗಲಕೋಟಿಗೆ ಹೋಗಿ ಮಗನ ಹೆಸರು ಕಾಮರ್ಸಿಗೆ ಹಚ್ಚಿ ಬಂದ್ರು.

ಧಾರವಾಡದವರು ಆ ಹುಡುಗನ್ನ ಖರೇನ ಕರೀಲಿಲ್ಲ. ಯಾಕಂತ ನನಗೂ ತಿಳೀಲಿಲ್ಲ. ಮುಂದ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕ ಸಾಹುಕಾರ್ರು ನನ್ನ ಭುಜದ ಮ್ಯಾಲ ಕೈ ಇಟ್ಟು ಹೇಳಿದ್ರು, "ಮಾಸ್ತರ, ನಿಮ್ಮ ಮ್ಯಾಲ ಸಿಟ್ಟಿಲ್ಲ. ಅರಗು ಹಚ್ಚಿದ ಲಕೋಟಿಯಾಗ ಏನಿತ್ತಂತ ನನಗ ತಿಳೀಲಿಲ್ಲ ಖರೆ, ಆದ್ರ ನಿಮ್ಮ ಮುಖಕ್ಕ ನೀವು ಅರಗು ಹಚ್ಚಿದ್ದಿಲ್ಲ ನೋಡ್ರಿ."

ಬದಾಮಿ ಗುಡ್ಡ

ಒಬ್ಬ ನೇಕಾರರ ಹುಡುಗ. ಸಹಾಮಾಹಿ ಅಂದ್ರ ಅರ್ಧ ವರ್ಷದ ಪರೀಕ್ಷಾದಾಗ ಗಣಿತಕ್ಕ ನೂರಕ್ಕ ನೂರು ತಗೊಂಡ. ನನ್ನ ಪೇಪರಿಗೆ ನೂರು. ನನಗ ನಿದ್ದಿ ಹತ್ತಲಿಲ್ಲ. ಮರುದಿನ ಅವನ್ನ ಹೆಡ್ ಮಾಸ್ತರ ಖೋಲಿಯಾಗ ಒಬ್ಬನ್ನ ಕೂಡ್ರಿಸಿ, ಹೊಸಾ ಪೇಪರ್ ಕೊಟ್ಟು, ನಾ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತೆ. ಮತ್ತ ನೂರು. ಈಗ ನನಗ ಹೆಡ್ ಮಾಸ್ತರ ಮ್ಯಾಲೂ ಸಂಶಯ ಬಂತು.

ಅದ ಸುಮಾರಿಗೆ ಸಾಲಿಯಿಂದ ಬದಾಮಿಗೆ ಟ್ರಿಪ್ ಹೋದ್ವಿ. ಎಲ್ಲಾರೂ ಗವಿ ನೋಡಾಕ ಹತ್ತಿದ್ರು, ನಾ ಹುಡುಗನ್ನ ನೋಡಾಕ ಹತ್ತಿದ್ದೆ. ಪುಸ್ತಕ ಇಲ್ಲ, ಗೆಳ್ಯಾರ ವಹಿ ಇಲ್ಲ, ಈಗ ಹ್ಯಾಂಗ ಕಾಪಿ ಹೊಡೀತಾನ ನೋಡೂಣು ಅಂತ, ಕೆರಿ ದಂಡಿಮ್ಯಾಲ ನಿಂದ್ರಿಸಿ ಕೇಳಿದೆ, "ಆ ಗುಡ್ಡದ ತುದಿ ಎಷ್ಟ ಎತ್ತರ ಐತಿ, ಹೇಳು."

ಹುಡುಗ ಒಂದು ಕಟಿಗಿ ತಂದು ನೆಲಕ್ಕ ಊರಿ, ಅದರ ನೆಳ್ಳು ಅಳದು, ಗುಡ್ಡದ ನೆಳ್ಳು ಹೆಜ್ಜಿ ಹಾಕಿ ಎಣಿಸಿ ಬಂದು, ಅಡಿ ಅಷ್ಟ ಅಲ್ಲ, ಇಂಚಿನ ಸಮೇತ ಹೇಳಿದ.

"ಸಂಶಯ," ಅಂದೆ.

ಅಲ್ಲೇ ಒಬ್ಬ ಗೈಡ್ ಮಂದೀನ ಕರಕೊಂಡು ಅಡ್ಡಾಡತಿದ್ದ. ಅವಗ ಕೇಳಿದೆ. ಅವ ಒಂದ ಉಸರಿನ್ಯಾಗ ಅದ ಅಡಿ, ಅದ ಇಂಚು ಹೇಳಿದ. ಸಿಕ್ಕ ಬಿದ್ದ ಅಂದ್ಕೊಂಡೆ. ಹುಡುಗ ಮೊದಲ ಗೈಡ್‌ಗ ಕೇಳಿ ತಿಳಕೊಂಡು ನನ್ನ ಮುಂದ ಕಟಿಗಿ ನಾಟಕ ಆಡ್ಯಾನ. ಊರಿಗೆ ಬಂದಾವನ ಅವನ ಹೆಸರಿನ ಮುಂದ ಗುರ್ತು ಮಾಡಿಟ್ಟೆ, ಮೇ ತಿಂಗಳದಾಗ ಚೀಟಿ ಮ್ಯಾಲ 'ಸಂಶಯ' ಅಂತ ಬರದು ಕಳಿಸಿದೆ. ಸೀಟು ಅವಗ ಮೊದಲನೇ ಪಟ್ಟಿಯಾಗ ಸಿಕ್ತು.

ಮರುವರ್ಷ ಮತ್ತ ಬದಾಮಿಗೆ ಹೋದಾಗ ಅದ ಗೈಡ್ ಸಿಕ್ಕ. "ಹೋದ ವರ್ಷ ಒಬ್ಬ ಹುಡುಗ ನಿನಗ ಗುಡ್ಡದ ಎತ್ತರ ಕೇಳಿದ್ದ ಹೌದಲ್ಲೋ?" ಅಂತ ದಬಾಯಿಸಿದೆ.

"ಇಲ್ರಿ ಸರ," ಅಂದ ಗೈಡ್. "ಅವ ನೆಳ್ಳು ಅಳೀಯೂದನ್ನ ಹಿಂದ ನಿಂತು ನೋಡಿ, ನಾನ ಅವಂಗ ಕೇಳಿ ಬಾಯಿಪಾಠ ಮಾಡಿದೆ. ಅಲ್ಲೀತನಾ ನಾ ಬಂದ ಮಂದಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ಎತ್ತರ ಹೇಳತಿದ್ದೆ."

ವಕೀಲರ ಸವಾಲು

ಹುನಗುಂದ ಕೋರ್ಟಿನ್ಯಾಗ ವಕೀಲಿ ಮಾಡೂ ಒಬ್ಬರ ಮನಿ ಇಳಕಲ್ಲದಾಗಿತ್ತು. ಒಂದು ಐತವಾರ ಕರಸಿದ್ರು. ಹ್ವಾದ್ರ, ಕರೀ ಕೋಟು ಇರಲಿಲ್ಲ ಅನ್ನೂದೊಂದ ಬಿಟ್ರ ಉಳದದ್ದೆಲ್ಲಾ ಕೋರ್ಟ. ನನ್ನನ್ನ ಒಂಟಿ ಕುರ್ಚಿ ಮ್ಯಾಲ ಕೂಡ್ರಿಸಿ, ತಾವು ಆ ಕಡೆ ಈ ಕಡೆ ಅಡ್ಡಾಡಕೋತ ಸುರು ಮಾಡಿದ್ರು. ನನಗಿಂತ ಸಂಶಯದ ಮನಷಾ ಇರತಾನ ಅಂತ ನನಗ ಗೊತ್ತಾಗಿದ್ದ ಅವತ್ತು.

"ನಮ್ಮ ಹುಡುಗ ಸೀಟು ತಗೋತಾನೋ ಇಲ್ಲೋ, ಹೌದು ಇಲ್ಲ ಇಷ್ಟರಾಗ ಹೇಳ್ರಿ."

"ಸ್ವಲ್ಪ ಕಷ್ಟ ಐತ್ರಿ. ಹಿಂದಿನ ಬೆಂಚಿನ್ಯಾಗ ಕುಂತು ಮಾತಾಡತಿರತಾನ."

"ಹಿಂದಿನ ಬೆಂಚು ನಿಮ್ಮ ಕಣ್ಣಿಗೆ ಸ್ವಚ್ಛ ಕಾಣತೈತಿ?"

"ಕಾಣತೈತ್ರಿ."

"ಚಾಳೀಸು ತಗೀರಿ. ಈ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಇವತ್ತು ಎಷ್ಟನೇ ತಾರೀಖು ಓದ್ರಿ."

ಚಾಳೀಸಿಲ್ಲದ ನನಗ ಕ್ಯಾಲೆಂಡರ್ ಎಲ್ಲೈತಿ ಅನ್ನೂದ ಕಾಣಲಿಲ್ಲ. ಅರ್ಧ ತಾಸಿನೊಳಗ ಮಾತಾಡಿದಾವ ಅವರ ಮಗ ಅಂತ ನಾ ಹೇಳೂ ಹಂಗಿಲ್ಲ, ಮಾತಾಡಿದ್ದು ಪಾಠದ ಬಗ್ಗೆ ಅಲ್ಲ ಅಂತನೂ ಹೇಳೂ ಹಂಗಿಲ್ಲ, ಆ ವರ್ಗದಾಗ ನಾ ಇದ್ನೆಂಬೂದಕ್ಕ ಸಾಕ್ಷಿ ಇಲ್ಲ ಅನ್ನೂತನಾ ತಂದು ನಿಲ್ಲಿಸಿದ್ರು. ನಾ ಬೆವತು ನೀರಾಗಿ, "ಸೀಟು ಸಿಗತೈತ್ರಿ, ಖಂಡಿತ ಸಿಗತೈತಿ" ಅಂದೆ. ಮನಿಗೆ ಹೋಗಿ ಹಂಗ ಬರದ್ನಿನೂ. ಆ ಸೀಟೂ ಸಿಗಲಿಲ್ಲ, ಅದು ಮುಂದಿನ ಮಾತು.

ನಾ ಎದ್ದು ಚಪ್ಪಲಿ ಮೆಟ್ಟೂ ಹೊತ್ತಿಗೆ ಒಳಗಿಂದ ಅವರ ಮಗ ನೀರಿನ ತಂಬಿಗಿ ಹಿಡಕೊಂಡು ಬಂದ. ವಕೀಲರು "ಕೇಳಿದೇನಲೇ, ಮಾಸ್ತರ ಖಂಡಿತ ಅಂದ್ರು" ಅಂದ್ರು.

ಹುಡುಗ ನನ್ನ ಮುಖಾ ಚಂದಂಗ ನೋಡಿ ಕೇಳಿದ, "ಅಪ್ಪಾ, ಇವರು ಯಾರು? ನಮಗ ಗಣಿತ ಕಲಸಾವ್ರು ಬ್ಯಾರೆದವರು ಅದಾರಲ್ಲ, ನಾ ಬಿ ಸೆಕ್ಷನ್."

ಬಾಗಲಕೋಟಿ ಸೂಜಿ

ಟೇಲರ್ ಸಾಹೇಬರ ಮಗಳು ಒಬ್ಬಾಕಿ ಇದ್ದಳು. ನಾ ಬೋರ್ಡಿನ ಮ್ಯಾಲ ಒಂದು ಸಾಲು ಬರೀಬೇಕು, ಅಕಿ "ಯಾಕ್ರಿ ಸರ?" ಅನ್ನಬೇಕು. ಇನ್ನೊಂದು ಸಾಲು ಬರದ್ರ ಮತ್ತ "ಯಾಕ್ರಿ ಸರ?" ಒಮ್ಮೊಮ್ಮೆ ಯಾಕಂತ ನನಗೂ ಗೊತ್ತಿರತಿದ್ದಿಲ್ಲ. ಇಕಿ ತಿಳಕೊಳ್ಳಾಕ ಕೇಳತಾಳೋ, ನನ್ನ ಪರೀಕ್ಷಾ ಮಾಡತಾಳೋ ಅಂತ ನನಗ ಕಡೀತನಾ ಸಂಶಯ. ಅದನ್ನ ಬರದು ಕಳಿಸಿದೆ. ಧಾರವಾಡದವರು ಅಕಿನ್ನೂ ತಗೊಂಡ್ರು. ನಾ ಸಂಶಯ ಅಂದದ್ದನ್ನ ಅವರು ಓದತಾರೋ ಇಲ್ಲೋ ಅಂತ ಈಗ ಕಾಲೇಜಿನ ಮ್ಯಾಲನ ನನಗ ಸಂಶಯ ಬರಾಕ ಹತ್ತಿತು.

ಮುಂದ ಎಷ್ಟೋ ವರ್ಷಕ್ಕ ಒಮ್ಮೆ ಕಾಲಿಗೆ ಮೊಳಿ ಚುಚ್ಚಿ ಬಾಗಲಕೋಟಿ ದವಾಖಾನಿಗೆ ಹೋದೆ. ಸೂಜಿ ಹಿಡಕೊಂಡು ಬಂದ ಡಾಕ್ಟರಬಾಯಿ ಅಕಿನ. ನಮಸ್ಕಾರ ಮಾಡಿ, ಮನಿಮಂದಿ ಎಲ್ಲಾರ ಸುದ್ದಿ ಕೇಳಿ, ತೋಳು ಹಿಡದಳು. ನನಗ ಸೂಜಿ ಅಂದ್ರ ಜೀವಾ ಕೈಯಾಗ.

"ತಂಗಿ, ನೋಯೂದಿಲ್ಲ ಹೌದಲ್ಲವಾ?" ಅಂದೆ.

ಅಕಿ ಔಷಧ ಏರಿಸಿದ ಸೂಜಿ ಮ್ಯಾಲೆತ್ತಿ ನೋಡಿ, ನಾ ಬೋರ್ಡ್ ಮುಂದ ನಿಂತು ಹ್ಯಾಂಗ ಅಂತಿದ್ನೋ ಹಂಗ ಸಾವಕಾಶ ಅಂದಳು, "ಸಂಶಯ."

ನಮ್ಮ ಮನಿ ಲಕೋಟಿ

ಕಡೀಕ ನನ್ನ ಮಗಳೂ ಹತ್ತನೇತ್ತಿಗೆ ಬಂದಳು, ಅದೂ ನನ್ನ ವರ್ಗಕ್ಕ. ಪ್ರತಿ ಪರೀಕ್ಷಾದಾಗ ಅಕಿನ ಮೊದಲು. ಪೇಪರ್ ತಯಾರ ಮಾಡಾವ ನಾ, ಒಂದ ಮನ್ಯಾಗ ಇರಾವ್ರು, ನನಗ ಸಂಶಯ ಬರದ ಇರತೈತೇನು? ಮೊದಲ ಪೇಪರ್ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದೆ. ಆಮ್ಯಾಲ ಟ್ರಂಕನ್ನ ಸಾಲಿಗೆ ಒಯ್ದು ಇಟ್ಟೆ. ಕಡೀಕ ಪರೀಕ್ಷಾ ದಿನ ಮುಂಜಾನಿ ಹಳೇ ಪೇಪರ್ ಹರದು ಹೊಸಾದು ಬರದೆ. ಆವಾಗೂ ಅಕಿನ ಮೊದಲು. ನಮ್ಮ ಮನಿಯಾಕಿ, "ಏನ್ರಿ, ಅಕಿ ನಿಮ್ಮ ಮಗಳರಿ, ಕಳ್ಳಿ ಅಲ್ಲ" ಅಂದಳು.

ಮೇ ತಿಂಗಳ ಬಂತು. ಹೆಡ್ ಮಾಸ್ತರ ಹತ್ರ ಹೋಗಿ, ಈ ಸಲ ನನ್ನ ಮಗಳ ಚೀಟಿ ನೀವು ಬರೀರಿ ಅಂದ್ರ, "ನಾ ಬರದು ಅಕಿಗೆ ಸೀಟು ತಪ್ಪಿದ್ರ ನಿಮ್ಮ ಮಾರಿ ನೋಡಾಂವ ಯಾರು?" ಅಂದ್ರು. ಮಧ್ಯಾಹ್ನ ಊಟಾ ಮುಗಿಸಿ ಬರಿಯಾಕ ಕುಂತೆ. ರೂಢಿಬಲಾ, ಪೆನ್ನು ತಾನ 'ಸಂಶಯ' ಅಂತ ಬರೀತು. ನಾ ಸಹಿನೂ ಮಾಡಿದೆ. ಆಮ್ಯಾಲ ಆ ಚೀಟಿ ನೋಡಿದೆ. ಸಣ್ಣಾಕಿ ಇದ್ದಾಗಿಂದ ಅಕಿ ಇಟಗೊಂಡ ಆಸೆ ಅದು. ನನಗ ಕಣ್ಣಾಗ ನೀರು ಬಂತು. ಹರದು ನಾಲ್ಕು ತುಂಡ ಮಾಡಿ ಕಸದ ಬುಟ್ಟಿಗೆ ಒಗದು, ಹೊಸಾ ಚೀಟಿ ಮ್ಯಾಲ ದಪ್ಪ ಅಕ್ಷರದಾಗ 'ಖಂಡಿತ' ಅಂತ ಬರದು, ಅರಗು ಹಚ್ಚಿ, ನಾನ ಹೋಗಿ ಟಪಾಲಿಗೆ ಹಾಕಿ ಬಂದೆ. ಒಂದಿಷ್ಟೂ ಸಂಶಯ ಇಲ್ಲದ ಮಾಡಿದ ಕೆಲಸ ನನ್ನ ಜೀವನದಾಗ ಅದೊಂದ.

ಆವತ್ತಿನಿಂದ ಮಗಳು ನನ್ನ ಜೋಡಿ ನೆಟ್ಟಗ ಮಾತಾಡವಲ್ಲಳು. ಊಟಕ್ಕ ಬಾರವಾ ಅಂದ್ರ "ಬರೂದು ಸಂಶಯ" ಅಂತಿದ್ದಳು. ರಿಸಲ್ಟಿನ ಅಂಜಿಕಿ ಇರಬೇಕು ಅಂದ್ಕೊಂಡು ನಾ ಸುಮ್ಮನಾದೆ. ರಿಸಲ್ಟ್ ಬಂತು, ಊರಿಗೇ ಮೊದಲು. ಆದ್ರ ಧಾರವಾಡದ ಮೊದಲನೇ ಪಟ್ಟಿಯಾಗ ಅಕಿ ಹೆಸರಿಲ್ಲ. ಎರಡನೇದರಾಗೂ ಇಲ್ಲ. ಪ್ರಿನ್ಸಿಪಾಲರನ್ನ ಬಂದು ಕಾಣಬೇಕು ಅಂತ ಒಂದು ಕಾರ್ಡ್ ಬಂತು.

ಇಬ್ಬರೂ ಬಸ್ ಹತ್ತಿದ್ವಿ. ಬಾಗಲಕೋಟಿ ದಾಟಿ ಕೆರೂರದಾಗ ಬಸ್ ನಿಂತಾಗ ಮಿರ್ಚಿ ಭಜಿ ತಂದುಕೊಟ್ಟೆ. ಮುಟ್ಟಲಿಲ್ಲ. ಕಡೀಕ ಕಿಡಕಿ ಕಡೆ ಮುಖಾ ಮಾಡಿ ಕೇಳಿದಳು, "ಅಪ್ಪಾ, ಚೀಟಿಯಾಗ ಏನ ಬರದಿ?"

"ಅದು ಗುಪ್ತ ಅಲ್ಲೇನವಾ."

"ನನಗ ಗೊತ್ತೈತಿ ಬಿಡು," ಅಂದಳು.

ಪ್ರಿನ್ಸಿಪಾಲರು ತಲಿ ಬೆಳ್ಳಗಾದ ಸಮಾಧಾನದ ಮನಷಾ. ಮುಂದ ಒಂದು ದಪ್ಪ ಫೈಲಿತ್ತು. "ಮಾಸ್ತರ, ಕೂಡ್ರಿ. ನಿಮ್ಮನ್ನ ನೋಡಬೇಕಂತ ನನಗ ಭಾಳ ದಿನದಿಂದ ಇತ್ತು. ಇವೆಲ್ಲಾ ನಿಮ್ಮ ಚೀಟಿ ಅವ," ಅಂದ್ರು. ನನಗ ಹೆಮ್ಮಿ ಅನಿಸಿತು.

"ಮೊದಲ ಮೊದಲ ನೀವು 'ಖಂಡಿತ' ಅಂತ ಬರದವರನ್ನ ನಾವು ಓಡಿಹೋಗಿ ತಗೊಂಡ್ವಿ. ಒಬ್ಬರೂ ಪಿಯುಸಿ ದಾಟಲಿಲ್ಲ. 'ಸಂಶಯ' ಅಂದವರನ್ನ ಒಲ್ಲದ ಮನಸ್ಸಿನಿಂದ ತಗೊಂಡ್ವಿ, ಅವರು ಎಲ್ಲಾರನ್ನೂ ಹಿಂದ ಹಾಕಿದ್ರು. ಆವಾಗಿಂದ ನಮ್ಮಲ್ಲೆ ಒಂದು ಪದ್ಧತಿ ಅದ. ಇಳಕಲ್ಲ ಲಕೋಟಿ ಬಂತಂದ್ರ ತಿರುವಿ ಓದೋದು, ಖಂಡಿತ ಅಂದ್ರ ಸಂಶಯ, ಸಂಶಯ ಅಂದ್ರ ಖಂಡಿತ."

ನನಗ ಸೀರಿ ಸಾಹುಕಾರ್ರ ಮಗ ನೆನಪಾದ, ನಾ ವರ್ಗದಾಗ ಒಮ್ಮಿನೂ ನೋಡದ ವಕೀಲರ ಮಗ ನೆನಪಾದ. ನೇಕಾರರ ಹುಡುಗ, ಟೇಲರ್ ಸಾಹೇಬರ ಮಗಳು ನೆನಪಾದ್ರು. ಬಾಯಿ ಮುಚ್ಚಿ ಕುಂತವರಿಗೆ ಖಂಡಿತ, ನನ್ನ ತಲಿ ತಿಂದವರಿಗೆ ಸಂಶಯ. ಇಷ್ಟು ವರ್ಷ ನಾ ಮಾಡಿದ್ದು ಇಷ್ಟ.

"ಈಗ ನೋಡ್ರಿ," ಅಂದ್ರು ಪ್ರಿನ್ಸಿಪಾಲರು. "ಉಳದದ್ದು ಒಂದ ಸೀಟು. ನಿಮ್ಮ ಮಗಳಿಗೂ ಇನ್ನೊಬ್ಬ ಹುಡುಗಗೂ ಮಾರ್ಕ್ಸ್ ಸರಿಸಮ ಅವ. ಆ ಹುಡುಗನ ಚೀಟಿಯೊಳಗ 'ಸಾಧಾರಣ' ಅಂತ ಅದ. ನಿಮ್ಮ ಮಗಳಿಗೆ ನೀವು 'ಖಂಡಿತ' ಅಂದೀರಿ. ಅದೂ ಇಷ್ಟು ದಪ್ಪ ಅಕ್ಷರದಾಗ. ನಮಗ ಅಂಜಿಕಿ ಬಂತು."

ಮಗಳ ಜನ್ಮಾ ನನ್ನ ಕೈಯಾರೆ ಹಾಳು ಮಾಡಿದ್ನಲ್ಲ ಅನಿಸಿತು. "ಸರ, ನಾ ಮೊದಲ ಸಂಶಯ ಅಂತನ ಬರದಿದ್ದೆ. ಮಗಳಂತ ಕರುಳು ತಡೀಲಿಲ್ಲ, ಹರದು ಒಗದು ಇದನ್ನ ಬರದೆ," ಅಂದೆ.

ಪ್ರಿನ್ಸಿಪಾಲರು ಚಾಳೀಸು ಸರಿಮಾಡಿಕೊಂಡ್ರು. "ಅಪ್ಪ ಆದವರು ಈಗ ಹಿಂಗ ಅನ್ನಲಿಕ್ಕೇಬೇಕು. ಆದ್ರ ಖರೇನ ಹಂಗ ಬರದಿದ್ರಿ ಅನ್ನೋದು... ಸಂಶಯ ಅದ."

ನನ್ನ ಮಾತು ನನಗ ತಿರುಗಿ ಬಂದಿದ್ದು ಅವತ್ತು. ಅಷ್ಟರಾಗ ಮಗಳು ತನ್ನ ಚೀಲದಾಗ ಕೈ ಹಾಕಿ, ಒಂದು ರಟ್ಟಿನ ತುಂಡು ತಗದು ಮೇಜಿನ ಮ್ಯಾಲ ಇಟ್ಟಳು. ಅದರ ಮ್ಯಾಲ ನಾ ಹರದು ಒಗದ ನಾಲ್ಕು ತುಂಡು, ಗಂಜಿ ಹಚ್ಚಿ ನೆಟ್ಟಗ ಜೋಡಿಸಿದ್ದು. ಅಕಿ ಹೆಸರು, 'ಸಂಶಯ', ಕೆಳಗ ನನ್ನ ಸಹಿ.

"ಕಸದ ಬುಟ್ಟಿಯಾಗ ಸಿಕ್ತರಿ," ಅಂದಳು. "ಅಪ್ಪ ಇದನ್ನ ಬರದು ನೋಡಿ, ಇದರದ ಇನ್ನೊಂದು ಪ್ರತಿ ಚಂದಂಗ ಬರದು ಕಳಸ್ಯಾನ ಅಂದ್ಕೊಂಡಿದ್ದೆ."

"ಮತ್ತ ಇದನ್ನ ಇಲ್ಲೀತನಾ ಯಾಕ ತಂದಿಯವಾ?" ಪ್ರಿನ್ಸಿಪಾಲರು ಕೇಳಿದ್ರು.

"ನಮ್ಮಪ್ಪ ಎಲ್ಲಾರ ಮ್ಯಾಲೂ ಸಂಶಯ ಪಡಾವ, ಮನಿ ಮಗಳನ್ನೂ ಬಿಟ್ಟಿಲ್ಲ, ಇವನ ಮಾತು ನಂಬಬ್ಯಾಡ್ರಿ ಅಂತ ನಿಮಗ ತೋರಸಾಕ ತಂದಿದ್ದೆ ರಿ."

ಪ್ರಿನ್ಸಿಪಾಲರು ಆ ರಟ್ಟು ತಗೊಂಡು, ಫೈಲಿನೊಳಗಿನ ಹಳೇ ಚೀಟಿ ಬಾಜೂಕ ಹಿಡದು, ಅಕ್ಷರ ಹೊಂದಿಸಿ ನೋಡಿದ್ರು. ಆಮ್ಯಾಲ ಹೊಟ್ಟಿ ಹಿಡಕೊಂಡು ನಕ್ರು. ಕ್ಲಾರ್ಕನ್ನ ಕರದು, "ಈ ಹುಡುಗಿ ಹೆಸರು ಬರಕೋ. ಮಾಸ್ತರಿಗೆ ಖರೇನ ಸಂಶಯ ಇತ್ತು," ಅಂದ್ರು.

ತಿರುಗಿ ಬರೂ ಮುಂದ ಕೆರೂರದಾಗ ಮಗಳು ತಾನ ಇಳದು ಮಿರ್ಚಿ ಭಜಿ ತಂದಳು. ಬಸ್ ಬಿಟ್ಟ ಮ್ಯಾಲ ನನ್ನ ಭುಜಕ್ಕ ತಲಿ ಆನಿಸಿ, "ಅಪ್ಪಾ, ಎರಡು ತಿಂಗಳ ನಿನಗ ಬೈಕೋತ ಕುಂತಿದ್ನಿ. ನೀ ನೋಡಿದ್ರ ನನಗ ಖಂಡಿತ ಅಂತ ಬರದಿದ್ದಿ," ಅಂದಳು. ದನಿ ತೊಯ್ದಿತ್ತು. ನಾ ಅಕಿ ತಲಿ ಮ್ಯಾಲ ಕೈಯಾಡಿಸಿದೆ.

ಬಾಗಲಕೋಟಿ ಹತ್ರ ಬಂದಾಗ ಅಕಿ ಕಣ್ಣು ಒರಸಿಕೊಂಡು ನೆಟ್ಟಗ ಕುಂತಳು.

"ಆದ್ರೂ ಒಂದ ಮಾತು ಹೇಳತೇನಿ ಅಪ್ಪಾ. ಇನ್ನ ಎರಡು ವರ್ಷಕ್ಕ ಮೆಡಿಕಲ್‌ಗೆ ಅರ್ಜಿ ಹಾಕಾಕಿ ನಾ. ಆವಾಗ ನಿನ್ನ ಮಗಳು ಹೆಂಗದಾಳಂತ ಯಾರರ ಕೇಳಿದ್ರ, ಪ್ರೀತಿ ಗೀತಿ ಏನೂ ಮಾಡಾಕ ಹೋಗಬ್ಯಾಡ. ಸಂಶಯ ಅಂದು ಬಿಡಪಾ."